ಫ್ರಾನ್ಸಿನ ಹಳೆಯ ಪಿಂಗಾಣಿ ಹೂದಾನಿಯ ಮೂಲ ಪತ್ತೆ ಹಚ್ಚುವುದು ಹೇಗೆ?

ಚಿತ್ರ ಬರೆದ ಫ್ರೆಂಚ್ ಪಿಂಗಾಣಿ ಹೂದಾನಿ ಕೈಗೆ ಬಂದೊಡನೆ ಬಹುತೇಕರು ಅದನ್ನು ಬೋರಲು ಹಾಕಿ ತಳದ ಗುರುತನ್ನು ಹುಡುಕುತ್ತಾರೆ. ನಿಜವಾಗಿ ಆ ಗುರುತನ್ನು ಮೈ, ಬಣ್ಣ, ಚಿತ್ರಗಳನ್ನು ಪರೀಕ್ಷಿಸಿದ ಮೇಲಷ್ಟೇ ನೋಡಬೇಕು. ಪ್ಯಾರಿಸ್ ಬಳಿಯ ಸೆವ್ರ್ ರಾಜಕಾರ್ಖಾನೆಯ ಗುರುತಾದ, ಒಂದರೊಳಗೊಂದು ಹೆಣೆದ ಎರಡು ‘ಎಲ್’ ಅಕ್ಷರಗಳನ್ನು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಹಲವರು ಧಾರಾಳವಾಗಿ ನಕಲು ಮಾಡಿದ್ದಾರೆ.

ಮೊದಲು ಪಿಂಗಾಣಿಯ ಮೈಯನ್ನು ಪರೀಕ್ಷಿಸಿ. ಈ ಕಾರ್ಖಾನೆ 1740ರಲ್ಲಿ ವ್ಯಾನ್ಸೆನ್‌ನಲ್ಲಿ ಆರಂಭವಾಗಿ 1756ರಲ್ಲಿ ಸೆವ್ರ್‌ಗೆ ಸ್ಥಳಾಂತರಗೊಂಡಿತು. ಆಗ ತಯಾರಾಗುತ್ತಿದ್ದುದು ಕಯೋಲಿನ್ ಜೇಡಿಯಿಲ್ಲದ ಮೃದು ಪಿಂಗಾಣಿ. ಫ್ರಾನ್ಸಿನ ಲಿಮೋಜ್ ಪಟ್ಟಣದ ಸಮೀಪ 1768ರಲ್ಲಿ ಕಯೋಲಿನ್ ದೊರೆತ ಮೇಲಷ್ಟೇ ಸೆವ್ರ್‌ನಲ್ಲಿ ಗಟ್ಟಿ ಪಿಂಗಾಣಿಯ ತಯಾರಿಕೆ ಸಾಧ್ಯವಾಯಿತು. ಭೂತಗನ್ನಡಿ ಹಿಡಿದು ನೋಡಿದರೆ ಮೃದು ಪಿಂಗಾಣಿಯಲ್ಲಿ ಬಣ್ಣವು ಮೆರುಗಿನೊಳಗೆ (ಗಾಜಿನಂಥ ಹೊರಲೇಪದೊಳಗೆ) ಇಳಿದು ಬೆರೆತಂತೆ ಕಾಣುತ್ತದೆ; ಗಟ್ಟಿ ಪಿಂಗಾಣಿಯಲ್ಲಿ ಅದು ಮೇಲೆಯೇ ಕುಳಿತಿರುತ್ತದೆ. ತಳದ ವರ್ಷಸೂಚಕ ಅಕ್ಷರ 1757 ಎಂದು ಹೇಳುತ್ತಿದ್ದು ಮೈ ಗಟ್ಟಿ ಪಿಂಗಾಣಿಯದಾಗಿದ್ದರೆ ವಿಚಾರಣೆ ಅಲ್ಲಿಗೇ ಮುಗಿಯಿತು.

ಎರಡನೆಯದು ಬಣ್ಣ, ಅದರಲ್ಲೂ ಹಸಿರು. ಕ್ರೋಮಿಯಂ ಧಾತುವನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ವೋಕ್ಲ್ಯಾಂ ಕಂಡುಹಿಡಿದದ್ದು 1797ರಲ್ಲಿ. ಅದರಿಂದ ಮಾಡಿದ ಹಸಿರು ಪಿಂಗಾಣಿಗೆ ಬಂದದ್ದು ಆನಂತರ. ಅದಕ್ಕೆ ಮೊದಲಿನ ತಾಮ್ರದ ಹಸಿರಿನಲ್ಲಿ ನೀಲಿಯ ಛಾಯೆಯೂ ತಿಳಿತನವೂ ಇರುತ್ತವೆ. ಕ್ರೋಮಿಯಂ ಹಸಿರು ಹಳದಿಗೆ ವಾಲಿದ್ದು, ಮಂದವಾಗಿರುತ್ತದೆ. 1760ರ ದಶಕದ್ದೆಂದು ಮಾರಲಾಗುವ ಹೂದಾನಿಯ ಎಲೆಗಳಲ್ಲಿ ಈ ಎರಡನೆಯ ಹಸಿರು ಕಂಡರೆ, ಚಿತ್ರವಾದರೂ ಆಮೇಲಿನದು. ‘ಚಿತ್ರವಾದರೂ’ ಎನ್ನಲು ಕಾರಣವಿದೆ: 1800ರಲ್ಲಿ ಕಾರ್ಖಾನೆಯ ಹೊಣೆ ಹೊತ್ತ ಬ್ರೋಂಯಾರ್ ಅವರು ಗೋದಾಮಿನಲ್ಲಿ ಉಳಿದಿದ್ದ, ಚಿತ್ರವಿಲ್ಲದ ಹಳೆಯ ಬಿಳಿ ಪಿಂಗಾಣಿಯನ್ನು ಮಾರಿಸಿಬಿಟ್ಟರು. ಅದನ್ನು ಕೊಂಡ ಹೊರಗಿನ ಚಿತ್ರಗಾರರು ಹಳೆಯ ಶೈಲಿಯಲ್ಲಿ ಬಣ್ಣ ತುಂಬಿದರು. ಹೀಗಾಗಿ ಮೈ ಅಸಲಿ, ಅಲಂಕಾರ ನಕಲಿ ಎಂಬ ಪಾತ್ರೆಗಳು ಇಂದಿಗೂ ಹರಾಜಿಗೆ ಬರುತ್ತವೆ, ಅನುಭವಿಗಳನ್ನೂ ಎಡವಿಸುತ್ತವೆ.

ಚಿತ್ರದ ಮೂಲೆಯಲ್ಲಿ ಕಲಾವಿದನ ಸಹಿ ಎದ್ದು ಕಾಣುತ್ತಿದ್ದರೆ ಹಿಗ್ಗಬೇಡಿ. ಹದಿನೆಂಟನೆಯ ಶತಮಾನದ ಸೆವ್ರ್ ಚಿತ್ರಗಾರರು ಸಾಮಾನ್ಯವಾಗಿ ತಳದಲ್ಲಿ ಪುಟ್ಟ ಚಿಹ್ನೆ ಹಾಕುತ್ತಿದ್ದರು. ಮುಂಭಾಗದ ಸಹಿ, ಕಡುನೀಲಿ ಮೈ, ಕಂಚಿನ ಹಿಡಿಕೆಗಳು ಒಟ್ಟಿಗೆ ಬಂದರೆ ಅದು ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ‘ಸೆವ್ರ್ ಶೈಲಿ’ಯ ಸರಕು.

ಇಷ್ಟಾದ ಮೇಲೆ ತಳವನ್ನು ಓದಿ. ಹೆಣೆದ ‘ಎಲ್’ಗಳ ನಡುವಿನ ಅಕ್ಷರ ವರ್ಷವನ್ನು ಸೂಚಿಸುತ್ತದೆ: ‘ಎ’ ಎಂದರೆ 1753, ‘ಝಡ್’ ಎಂದರೆ 1777, ‘ಎಎ’ ಎಂದರೆ 1778. ಪಕ್ಕದ ಚಿಹ್ನೆ ಯಾವ ಚಿತ್ರಗಾರನದು, ಆತ ಆ ವರ್ಷ ಅಲ್ಲಿ ಕೆಲಸದಲ್ಲಿದ್ದನೇ ಎಂಬುದನ್ನು ಹೋಲಿಸಿ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಸೆವ್ರ್ ಪಾತ್ರೆಯಲ್ಲಿ ಗುರುತನ್ನು ಅಡ್ಡಗೀಟಿನಿಂದ ಕೊರೆದಿದ್ದರೆ, ಅದನ್ನು ಚಿತ್ರವಿಲ್ಲದೆ ಹೊರಗೆ ಮಾರಲಾಗಿತ್ತು ಎಂದರ್ಥ. ಲಿಮೋಜ್ ಪಾತ್ರೆಗಳಲ್ಲಿ ಅನೇಕ ವೇಳೆ ಎರಡು ಗುರುತುಗಳಿರುತ್ತವೆ. ಮೆರುಗಿನ ಕೆಳಗಿನದು ಪಾತ್ರೆ ಮಾಡಿದವರದು, ಮೇಲಿನದು ಅಲಂಕರಿಸಿದವರದು. ಪ್ಯಾರಿಸ್‌ನ ಸಣ್ಣ ಕಾರ್ಖಾನೆಗಳ ಎಷ್ಟೋ ಒಳ್ಳೆಯ ಹೂದಾನಿಗಳಲ್ಲಿ ಗುರುತೇ ಇಲ್ಲ.

ಕೊನೆಯ ಹಂತ ಕಾಗದಪತ್ರಗಳದು. ಯಾರಿಂದ ಯಾರಿಗೆ ದಾಟಿತು ಎಂಬ ಸರಪಳಿಯನ್ನು ಹಳೆಯ ಹರಾಜು ಪಟ್ಟಿ, ರಸೀದಿ, ತಳದ ಚೀಟಿಗಳಿಂದ ಕಟ್ಟುತ್ತ ಹೋಗಬೇಕು. ಎರಡು ಕಡೆ ವಿಶೇಷ ಎಚ್ಚರ ಬೇಕು: ಕ್ರಾಂತಿಯ ಸರ್ಕಾರವು ವರ್ಸೇಲ್ಸ್ ಅರಮನೆಯ ಸಾಮಾನುಗಳನ್ನು ಹರಾಜು ಹಾಕತೊಡಗಿದ 1793, ಮತ್ತು ನಾಜಿಗಳ ಲೂಟಿ ನಡೆದ 1933–45ರ ಅವಧಿ. ಈ ಎರಡನೆಯ ಅವಧಿಯಲ್ಲಿ ಮಾಲೀಕರ ಹೆಸರು ಕಾಣೆಯಾಗಿದ್ದರೆ, ಕದ್ದ ಕಲಾಕೃತಿಗಳ ಪಟ್ಟಿಗಳನ್ನು ಪರಿಶೀಲಿಸದೆ ಮುಂಗಡ ಕೊಡಬಾರದು.

ನಮ್ಮ ಕಡೆ ಕೇಳಿಬರಬಹುದಾದ ಮಾತೊಂದಿದೆ: ‘ಇದು ಟಿಪ್ಪು ಸುಲ್ತಾನನ ಅರಮನೆಯದು.’ ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಫ್ರಾನ್ಸಿಗೆ ಹೋದದ್ದೂ, ಹದಿನಾರನೆಯ ಲೂಯಿ ಸೆವ್ರ್ ಪಿಂಗಾಣಿಯನ್ನು ಉಡುಗೊರೆ ಕೊಟ್ಟದ್ದೂ ನಿಜ. ಆದರೆ ಆ ಕಥೆ ನಿಜವೆಂದ ಮಾತ್ರಕ್ಕೆ ಮಾರಾಟಗಾರನ ಕೈಯಲ್ಲಿರುವ ಹೂದಾನಿ ಅದರ ಭಾಗವಾಗುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅದು ಯಾರ ಕೈ ಸೇರಿತು ಎಂಬುದಕ್ಕೆ ಲಿಖಿತ ದಾಖಲೆ ಕೇಳಿ. ಇಲ್ಲವಾದರೆ ಹೂದಾನಿಗೆ ಮಾತ್ರ ಬೆಲೆ ಕಟ್ಟಿ, ಟಿಪ್ಪುವಿನ ಹೆಸರಿಗೆ ಬೇಡ.