ಫ್ಲೋರೈಡ್ ನೀರಿನ ಊರುಗಳಲ್ಲಿ ಮೂಳೆ ಸಾಂದ್ರತೆಯ ಸಮೀಕ್ಷೆ: ನನ್ನ ಅನುಭವ

ಪಾವಗಡದ ಕಡೆಯ ಹಳ್ಳಿಗಳಲ್ಲಿ ನಲವತ್ತು ದಾಟಿದವರ ಮೂಳೆ ಸಾಂದ್ರತೆಯನ್ನೂ ಅವರ ಬಿಪಿ, ಶುಗರ್, ಹೃದಯರೋಗದ ಅಪಾಯವನ್ನೂ ಒಟ್ಟಿಗೇ ಅಳೆಯುತ್ತೇನೆ ಎಂದು ನಾನು ಹೇಳಿದಾಗ ನಮ್ಮ ವಿಭಾಗದಲ್ಲಿ ಅದನ್ನು ನಂಬಿದವರು ವಿರಳ. ಮೂಳೆ ಸಾಂದ್ರತೆಯನ್ನು ಎಕ್ಸ್‌ರೇಯಿಂದ ಅಳೆಯುವ ಡೆಕ್ಸಾ ಯಂತ್ರವಿರುವುದು ಎರಡು ಗಂಟೆಗೂ ಮೀರಿದ ದಾರಿಯ ನಗರದಲ್ಲಿ, ಕೂಲಿ ಬಿಟ್ಟು ಅಲ್ಲಿಗೆ ಯಾರು ಬರುತ್ತಾರೆ ಎಂಬುದು ಮೊದಲ ಆಕ್ಷೇಪ. ನೀರಿನಲ್ಲಿ ಫ್ಲೋರೈಡ್ ಇರುವ ಕಡೆ ಅದೇ ಮೂಳೆಯ ಸಾಂದ್ರತೆಯನ್ನು ಏರಿಸುವುದರಿಂದ ಆ ಅಂಕಿಗೆ ಅರ್ಥವೇ ಇಲ್ಲ ಎಂಬುದು ಎರಡನೆಯದು. ಇದರಲ್ಲಿ ಅರ್ಧ ಸತ್ಯವಿತ್ತು. ಈಗ ಸುಮಾರು ಆರುನೂರು ಮಂದಿಯ ಹಿಮ್ಮಡಿ ಮೂಳೆಯ ಅಲ್ಟ್ರಾಸೌಂಡ್ ಅಳತೆ ಮತ್ತು ಅವರಲ್ಲಿ ಇನ್ನೂರಕ್ಕೆ ತುಸು ಮೇಲ್ಪಟ್ಟವರ ಡೆಕ್ಸಾ ದಾಖಲೆ ಕೈಯಲ್ಲಿರುವುದರಿಂದ, ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಹಣದ ಮಾತನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಇಂಥ ಸಮೀಕ್ಷೆಗಳು ನಿಲ್ಲುವುದು ಅಲ್ಲಿಯೇ. ಖಾಸಗಿ ಕೇಂದ್ರದಲ್ಲಿ ಒಬ್ಬರ ಡೆಕ್ಸಾಗೆ ಎರಡೂವರೆ ಸಾವಿರ ರೂಪಾಯಿಯ ಆಸುಪಾಸು ಕೇಳುತ್ತಿದ್ದರು. ಮಧ್ಯಾಹ್ನ ಎರಡರ ನಂತರ ಆ ಯಂತ್ರ ಬಹುಪಾಲು ಖಾಲಿ ಇರುತ್ತದೆ ಎಂಬುದನ್ನು ನೋಡಿಕೊಂಡು, ಆ ಹೊತ್ತಿಗೆ ಮಾತ್ರ ಜನರನ್ನು ಕರೆತರುವ ಒಪ್ಪಂದಕ್ಕೆ ಸೊಂಟ, ಬೆನ್ನು, ಮುಂಗೈ ಮೂರೂ ಸೇರಿ ಒಂಬೈನೂರರ ಹತ್ತಿರ ಇಳಿಸಿಕೊಂಡೆ. ಟೆಂಪೋ ಟ್ರಾವೆಲರ್‌ಗೆ ದಿನಕ್ಕೆ ಐದು ಸಾವಿರ, ಊಟ ಬೇರೆ. ಬಂದವರಿಗೆ ಒಂದು ದಿನದ ಕೂಲಿ ಕೊಡಲೇಬೇಕೆಂದು ನಾನು ಪಟ್ಟು ಹಿಡಿದಾಗ, ಅದು ಆಮಿಷವಾಗುತ್ತದೆ ಎಂದು ನೈತಿಕ ಸಮಿತಿಯಲ್ಲಿ ತಕರಾರು ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಕಳೆದುಹೋದ ಕೂಲಿಯನ್ನು ಭರಿಸಲು ಅವಕಾಶವಿದೆ ಎಂದು ತೋರಿಸಿ, 2024-25ರ ನರೇಗಾ ದರವಾದ ₹349 ಅನ್ನೇ ಆಧಾರವಾಗಿಟ್ಟು ₹350 ನಿಗದಿ ಮಾಡಿದ ಮೇಲೆ ಆಕ್ಷೇಪ ನಿಂತಿತು. ಕಡಲೆಕಾಯಿ ಕೀಳುವ ಕಾಲದಲ್ಲಿ ಮಾತ್ರ ಈ ದರಕ್ಕೆ ಒಬ್ಬರೂ ಬರಲಿಲ್ಲ. ಆ ವಾರಗಳು ಪೂರ್ತಿ ನಷ್ಟ, ಗಾಡಿಯವನಿಗೆ ಕೊಟ್ಟ ಮುಂಗಡವೂ ಹೋಯಿತು. ಗಂಡಸರನ್ನು ಗಾಡಿ ಹತ್ತಿಸಿದ ಉಪಾಯ ಬೇರೆಯೇ ಇದೆ. ಮುಂದಿನ ಹಂತದ ಅರ್ಜಿ ಇನ್ನೂ ಪರಿಶೀಲನೆಯಲ್ಲಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಹಿಮ್ಮಡಿಯ ಅಲ್ಟ್ರಾಸೌಂಡ್ ಯಂತ್ರವನ್ನು ಬಾಡಿಗೆಗೆ ತಂದು ಉಪಕೇಂದ್ರಗಳಲ್ಲಿಟ್ಟೆವು. ಅಲ್ಟ್ರಾಸೌಂಡ್ ಎಂಬ ಹೆಸರು ಕೇಳಿದ ಕೂಡಲೇ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ಪ್ರಶ್ನೆ ಎದ್ದಿತು. ಈ ಯಂತ್ರದಲ್ಲಿ ಚಿತ್ರವೇ ಮೂಡುವುದಿಲ್ಲ, ತೊಟ್ಟಿಲಲ್ಲಿಟ್ಟ ಪಾದದ ಹೊರತು ಬೇರೇನನ್ನೂ ಇದರಲ್ಲಿ ಅಳೆಯಲಾಗದು ಎಂದು ಬರವಣಿಗೆಯಲ್ಲಿ ಒಪ್ಪಿಸುವ ಹೊತ್ತಿಗೆ ಒಂದು ತಿಂಗಳ ಬಾಡಿಗೆ ವ್ಯರ್ಥವಾಗಿತ್ತು. ಅದಕ್ಕಿಂತ ಹೆಚ್ಚು ಕಾಡಿದ್ದು ಹಿಂದೆ ಯಾರೋ ನಡೆಸಿ ಹೋಗಿದ್ದ ಉಚಿತ ಶಿಬಿರ. ಹಿಮ್ಮಡಿಯ ಅಂಕಿಗೆ ವಿಶ್ವ ಆರೋಗ್ಯ ಸಂಸ್ಥೆ ಟಿ-ಸ್ಕೋರಿಗೆ (ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿದ ಅಂಕಕ್ಕೆ) ಹಾಕಿದ ಮೈನಸ್ 2.5ರ ಗೆರೆಯನ್ನು ಹಚ್ಚಿ, ಬಂದವರಿಗೆಲ್ಲ ಮೂಳೆ ಸವೆದಿದೆ ಎಂದು ಚೀಟಿ ಬರೆದು, ಕ್ಯಾಲ್ಸಿಯಂ ಡಬ್ಬಿ ಮಾರಿದ್ದರು. ಆ ಗೆರೆ ಡೆಕ್ಸಾಗೆ ಹೊಂದುವಂಥದು, ಹಿಮ್ಮಡಿಗೆ ಅಲ್ಲವೆಂಬುದು ನಮಗೆ ಗೊತ್ತು, ಹಳ್ಳಿಯವರಿಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ನಮ್ಮ ಚೀಟಿಯಲ್ಲಿ ಟಿ-ಸ್ಕೋರನ್ನು ಮುದ್ರಿಸಲೇ ಇಲ್ಲ.

ಬರಿಗಾಲಲ್ಲಿ ಹೊಲ ತುಳಿದವರ ಹಿಮ್ಮಡಿ ಯಂತ್ರದ ಕೈಪಿಡಿಯಲ್ಲಿರುವ ಹಿಮ್ಮಡಿಯಲ್ಲ. ಬಿರುಕುಗಳ ಒಳಗೆ ಗಾಳಿ ಉಳಿದರೆ ಧ್ವನಿ ದಾಟುವುದಿಲ್ಲ, ಯಂತ್ರ ಮತ್ತೆ ಮತ್ತೆ ದೋಷ ತೋರಿಸುತ್ತದೆ. ಆರಂಭದಲ್ಲಿ ಐದರಲ್ಲಿ ಒಂದು ಅಳತೆ ಹೀಗೆಯೇ ಕೈತಪ್ಪುತ್ತಿತ್ತು. ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ನೆನೆಸಿ, ಒರಟು ಬಟ್ಟೆಯಿಂದ ಉಜ್ಜಿ, ಬಿರುಕಿನೊಳಗೆ ಬೆರಳಿನಿಂದ ಜೆಲ್ ತುಂಬಿ ಅಳೆದರೆ ಸಿಗುತ್ತದೆ. ಆದರೆ ನೆನೆಸಿದ ಕೂಡಲೇ ಅಳೆಯಬಾರದು: ಪಾದ ಬೆಚ್ಚಗಾದಷ್ಟೂ ಧ್ವನಿಯ ವೇಗ ಕಡಿಮೆ ಬರುತ್ತದೆ, ಎಷ್ಟು ಹೊತ್ತು ಕಾಯಬೇಕೆಂಬುದನ್ನು ನೀವೇ ಕಂಡುಕೊಳ್ಳಿ. ಇನ್ನೊಂದು ಎಚ್ಚರಿಕೆ. ಬಿಪಿಗೆ ಅಮ್ಲೋಡಿಪಿನ್ ನುಂಗುವವರಲ್ಲಿ ಕೆಲವರಿಗೆ ಕಾಲು ಊದಿಕೊಂಡಿರುತ್ತದೆ, ಊತವೂ ಅಳತೆಯನ್ನು ಕೆಡಿಸುತ್ತದೆ. ಬಿಪಿ ಇರುವವರ ಮೂಳೆ ದುರ್ಬಲವೆಂದು ಇದರಿಂದ ಸುಳ್ಳೇ ಕಾಣಬಹುದಾದ್ದರಿಂದ, ಹೆಬ್ಬೆರಳಿನಿಂದ ಒತ್ತಿ ಕುಳಿ ಬೀಳುತ್ತದೆಯೇ ಎಂದು ನೋಡಿ ಬರೆದುಕೊಳ್ಳುವುದನ್ನು ಕಡ್ಡಾಯ ಮಾಡಿದೆ.

ಔಷಧಗಳನ್ನು ಬಾಯಿಮಾತಿನಲ್ಲಿ ಕೇಳಲಿಲ್ಲ. ಮನೆಯಲ್ಲಿರುವ ಮಾತ್ರೆಯ ಪಟ್ಟಿಗಳನ್ನೆಲ್ಲ ತರಿಸಿ ಫೋಟೊ ತೆಗೆದೆವು. ಥಯಾಜೈಡ್ ಬೆರೆತ ಬಿಪಿ ಮಾತ್ರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ತಗ್ಗಿಸುತ್ತದೆ, ಶುಗರ್‌ಗೆ ಕೊಡುವ ಪಯೋಗ್ಲಿಟಜೋನ್ ಹೆಂಗಸರಲ್ಲಿ ಮೂಳೆ ಮುರಿತವನ್ನು ಹೆಚ್ಚಿಸುತ್ತದೆ, ಕೀಲುನೋವಿಗೆಂದು ಎಲ್ಲೆಲ್ಲೋ ಕೊಂಡ ಪುಡಿಗಳಲ್ಲಿ ಸ್ಟೀರಾಯ್ಡ್ ಇರಬಹುದು. ಇವುಗಳನ್ನು ಬೇರ್ಪಡಿಸದೆ ದೀರ್ಘಕಾಲದ ಕಾಯಿಲೆಗೂ ಮೂಳೆಗೂ ಸಂಬಂಧ ಹೇಳಹೊರಟರೆ ಔಷಧದ ಗುಣವನ್ನು ರೋಗದ ತಲೆಗೆ ಕಟ್ಟಿದಂತಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ವಯಸ್ಸಿನ ಪ್ರಶ್ನೆಯೂ ಅಷ್ಟೇ ಮುಖ್ಯ. ನಲವತ್ತಕ್ಕೂ ಮೊದಲೇ ಗರ್ಭಕೋಶದ ಆಪರೇಷನ್ ಆದವರು ನಮ್ಮಲ್ಲಿ ಸಾಕಷ್ಟು ಮಂದಿಯಿದ್ದು, ಅಂಡಾಶಯ ಉಳಿದಿದೆಯೇ ಎಂಬುದು ಅವರಿಗೇ ತಿಳಿದಿರುವುದಿಲ್ಲ; ಡಿಸ್ಚಾರ್ಜ್ ಚೀಟಿ ಸಿಕ್ಕ ಕಡೆ ಅದನ್ನು ನಂಬಿದೆವು, ಸಿಗದ ಕಡೆ ಪ್ರತ್ಯೇಕ ಗುಂಪು ಮಾಡಿದೆವು. ಆ ಸೀಮೆಯಲ್ಲಿ ಮನೆಮಾತು ತೆಲುಗು ಆಗಿರುವವರು ಬಹಳವಿರುವುದರಿಂದ, ಪ್ರಶ್ನೆ ಕೇಳುವ ಆಶಾ ಕಾರ್ಯಕರ್ತೆ ಎರಡೂ ಭಾಷೆ ಬಲ್ಲವರೇ ಆಗಿರಬೇಕಾಯಿತು.

ಡೆಕ್ಸಾ ಮೇಜಿನ ಮೇಲೆ ತೊಂದರೆ ಕೊಟ್ಟದ್ದು ಲೋಹ. ಸೊಂಟದ ಉಡುದಾರದಲ್ಲಿ ತಾಯತ, ಲಂಗದ ಲಾಡಿಯ ಹತ್ತಿರ ಸೇಫ್ಟಿ ಪಿನ್ನು, ಮಡಿಲಲ್ಲಿ ಬೀಗದ ಕೈ, ಎಲ್ಲವೂ ಕೆಳಬೆನ್ನಿನ ಎಲ್1ರಿಂದ ಎಲ್4ರವರೆಗಿನ ಮೂಳೆಗಳನ್ನು ಅಳೆಯುವ ಚೌಕದೊಳಗೇ ಬರುತ್ತವೆ. ಉಡುದಾರ ಬಿಚ್ಚಲು ಒಪ್ಪದ ಹಿರಿಯರಿಗೆ ಅದನ್ನು ಎದೆಯ ಕಡೆಗೆ ಸರಿಸಿಕೊಳ್ಳಲು ಹೇಳಿದರೆ ಸಾಕು. ಕ್ಯಾಲ್ಸಿಯಂ ಮಾತ್ರೆಯನ್ನು ಅಂದು ಬೆಳಿಗ್ಗೆ ನುಂಗಿ ಬಂದವರ ಹೊಟ್ಟೆಯಲ್ಲಿ ಕರಗದೆ ಉಳಿದ ಮಾತ್ರೆ ಬೆನ್ನುಮೂಳೆಯ ಮೇಲೆ ಬಿಳಿಯ ಚುಕ್ಕೆಯಾಗಿ ಕಂಡದ್ದೂ ಉಂಟು.

ಇನ್ನು ಬೆನ್ನುಮೂಳೆಯ ಅಂಕಿಯ ವಿಚಾರ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಕೊಳವೆಬಾವಿಗಳ ಊರಿನಲ್ಲಿ, ನಡು ಬಾಗಿಸಲಾಗದ ಮುದುಕರ ಬೆನ್ನಿನ ಟಿ-ಸ್ಕೋರು ಇಪ್ಪತ್ತರ ಹರೆಯದವರನ್ನೂ ಮೀರಿಸುತ್ತಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ರಿಗ್ಸ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಪಡೆದ ಹೆಂಗಸರ ಬೆನ್ನುಮೂಳೆಯ ಸಾಂದ್ರತೆ ನಾಲ್ಕು ವರ್ಷಗಳಲ್ಲಿ ಸುಮಾರು ಶೇ. 35ರಷ್ಟು ಏರಿತ್ತು, ಮುಂಗೈ ಮೂಳೆಯ ನಡುಭಾಗದ್ದು ಶೇ. 4ರಷ್ಟು ಇಳಿದಿತ್ತು, ಬೆನ್ನು ಬಿಟ್ಟು ಬೇರೆ ಕಡೆಯ ಮುರಿತಗಳು ಹೆಚ್ಚಾಗಿದ್ದವು. ನನ್ನ ಇಡೀ ವಿಧಾನ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಬೆನ್ನಿನ ಅಂಕಿಯನ್ನು ರೋಗನಿರ್ಣಯದಿಂದ ಹೊರಗಿಟ್ಟು, ಮುಂಗೈಯಲ್ಲಿ ಮಣಿಕಟ್ಟಿನಿಂದ ಮೂರನೇ ಒಂದು ಭಾಗದಷ್ಟು ಮೇಲಿನ ಅಳತೆಯನ್ನೂ ತೊಡೆಮೂಳೆಯ ಅಳತೆಯನ್ನೂ ಮುಖ್ಯ ಮಾಡಿದೆ. ಬೆನ್ನು ಮತ್ತು ಮುಂಗೈಗಳ ನಡುವಿನ ಅಂತರವನ್ನೇ ಫ್ಲೋರೈಡಿನ ಗುರುತಾಗಿ ಬಳಸಿದೆ. ಅಂತರ ಹೆಚ್ಚಿದ್ದವರ ಮುಂಗೈ ಎಕ್ಸ್‌ರೇ ತೆಗೆಸಿದಾಗ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿರುವುದು ಬಹುಪಾಲು ಮಂದಿಯಲ್ಲಿ ಕಂಡಿತು. ಮೊದಲು ನಕ್ಕವರು ಆ ಚಿತ್ರಗಳನ್ನು ನೋಡಿದ ಮೇಲೆ ತಮ್ಮ ವಿದ್ಯಾರ್ಥಿಗಳನ್ನು ನನ್ನ ಬಳಿ ಕಳಿಸಿದರು.

ನೀರನ್ನು ಪ್ಲಾಸ್ಟಿಕ್ ಸೀಸೆಯಲ್ಲೇ ಸಂಗ್ರಹಿಸಬೇಕು, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ಈಗ ಎಲ್ಲರೂ ಕುಡಿಯುವುದು ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ನೀರಾದ್ದರಿಂದ, ಮೂಳೆಯಲ್ಲಿ ಕುಳಿತಿರುವ ಫ್ಲೋರೈಡಿಗೆ ಲೆಕ್ಕ ಹಿಡಿಯಲು ಘಟಕ ಬರುವ ಮೊದಲಿನ ಬಾವಿಯನ್ನು, ಹೆಂಗಸರಲ್ಲಿ ತವರಿನ ಬಾವಿಯನ್ನೂ ಕೇಳಬೇಕು. ಬತ್ತಿಹೋದ ಬಾವಿಗಳಿಗೆ ನೆರೆಯ ಬಾವಿಯ ಅಂಕಿಯನ್ನು ಇಟ್ಟುಕೊಂಡೆವು. ಇದು ಒಪ್ಪವಾದ ವಿಧಾನವಲ್ಲ, ಬೇರೆ ದಾರಿಯೂ ಇಲ್ಲ.

ಕುಗ್ಗಿದ ಎತ್ತರದಿಂದ ಬೆನ್ನೆಲುಬಿನ ಮುರಿತವನ್ನು ಊಹಿಸಲು ತೋಳು ಚಾಚಿದ ಅಳತೆಯನ್ನು ಎತ್ತರದೊಂದಿಗೆ ಹೋಲಿಸುವುದುಂಟು. ಇಲ್ಲಿ ಮೊಣಕೈಯೇ ಪೂರ್ತಿ ನೀಳವಾಗದವರಿದ್ದರು, ಮೊಣಕಾಲಿನ ಎತ್ತರ ಅಳೆಯೋಣವೆಂದರೆ ಕಾಲು ಸೊಟ್ಟಗಿತ್ತು. ಕೊನೆಗೆ ಕೈ ಮಡಿಸಿಯೇ ಅಳೆಯಬಹುದಾದ ಮುಂಗೈಯ ಅಲ್ನಾ ಮೂಳೆಯ ಉದ್ದದಿಂದ ಯೌವನದ ಎತ್ತರವನ್ನು ಅಂದಾಜಿಸಿದೆವು. ಇದಕ್ಕೆ ತಗುಲಿದ ಖರ್ಚು ಒಂದು ಟೇಪು. ಎಲೆಅಡಿಕೆಯ ಜೊತೆ ಹೋಗುವ ಸುಣ್ಣದಿಂದ ಎಷ್ಟು ಕ್ಯಾಲ್ಸಿಯಂ ಸಿಗಬಹುದೆಂಬ ಕುತೂಹಲದಿಂದ ಕೆಲವು ಅಜ್ಜಿಯರ ಸುಣ್ಣದ ಡಬ್ಬಿಯನ್ನು ಬೆಳಿಗ್ಗೆ ಸಂಜೆ ತೂಗಿ ನೋಡಿದ್ದೂ ಆಯಿತು. ಉಗಿದದ್ದೆಷ್ಟು, ನುಂಗಿದ್ದೆಷ್ಟು ಎಂದು ಬಗೆಹರಿಯದೆ ಬಿಟ್ಟುಬಿಟ್ಟೆ. ಬೆನ್ನಿನ ಪಕ್ಕದಿಂದ ತೆಗೆದ ಡೆಕ್ಸಾ ಚಿತ್ರದಲ್ಲಿ ಮಹಾಪಧಮನಿಯ ಗೋಡೆಗೆ ಕಟ್ಟಿದ ಕ್ಯಾಲ್ಸಿಯಂ ಕಾಣುತ್ತದೆ, ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದಿಂದ ಬಂದ 24 ಅಂಕಗಳ ಪದ್ಧತಿಯಲ್ಲಿ ಅದನ್ನು ಎಣಿಸಬಹುದು. ಹೃದಯದ ಅಪಾಯಕ್ಕೆ ಹೊಸ ಖರ್ಚಿಲ್ಲದೆ ಸಿಕ್ಕ ಮಾಹಿತಿಯಿದು. ಸುಮಾರು ಅರವತ್ತು ಚಿತ್ರಗಳು ಮುಗಿದಿವೆ.

ವಿಶ್ಲೇಷಣೆಯಲ್ಲಿ ಟಿ-ಸ್ಕೋರನ್ನು ಬಿಟ್ಟು ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಎಂಬ ಮೂಲ ಅಂಕಿಯನ್ನೇ ಬಳಸಿ. ಟಿ-ಸ್ಕೋರು ಯಾರ ಸರಾಸರಿಯನ್ನು ಆಧಾರವಾಗಿ ಹಿಡಿದಿದ್ದೇವೆ ಎಂಬುದರ ಮೇಲೆ ಬದಲಾಗುತ್ತದೆ: ಯಂತ್ರದೊಳಗಿನ ಪಾಶ್ಚಾತ್ಯ ಆಧಾರದ ಬದಲು ಐಸಿಎಂಆರ್‌ 2010ರಲ್ಲಿ ಪ್ರಕಟಿಸಿದ ಭಾರತೀಯ ಆಧಾರವನ್ನು ಹಿಡಿದರೆ ರೋಗಿಗಳ ಸಂಖ್ಯೆಯೇ ಇಳಿಯುತ್ತದೆ. ಶುಗರ್ ಇದ್ದವರ ಸಾಂದ್ರತೆ ನನ್ನಲ್ಲಿಯೂ ಮೊದಲ ನೋಟಕ್ಕೆ ಚೆನ್ನಾಗಿಯೇ ಇತ್ತು, ದೇಹತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ಮೇಲುಗೈ ಬಹುತೇಕ ಕರಗಿತು, ಬಿದ್ದು ಮುರಿದುಕೊಂಡ ಕೈಗಳು ಮಾತ್ರ ಅವರಲ್ಲೇ ಹೆಚ್ಚು. ಟೈಪ್ 2 ಮಧುಮೇಹಕ್ಕೆ ಮೂಳೆ ಮುರಿತದ ಅಪಾಯವನ್ನು ಲೆಕ್ಕಹಾಕುವ ಫ್ರಾಕ್ಸ್ ಸಾಧನದ ಸಾಮಾನ್ಯ ಆವೃತ್ತಿಯಲ್ಲಿ ಪ್ರತ್ಯೇಕ ಖಾನೆಯಿಲ್ಲದ್ದರಿಂದ ಕೆಲವರು ಮಾಡುವಂತೆ ರುಮಟಾಯ್ಡ್ ಸಂಧಿವಾತದ ಖಾನೆಗೆ ಗುರುತು ಹಾಕಿ ಲೆಕ್ಕ ಮಾಡಿದೆ. ತೂಕ ಸೇರಿಸಿದ ಮತ್ತು ಸೇರಿಸದ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಡದೆ ವರದಿ ಕಳಿಸಬೇಡಿ. ಪರಿಶೀಲಕರು ಮೊದಲು ಕೇಳುವುದು ಅದನ್ನೇ.