ಮಡಿಕೇರಿಯ ತೇವದಲ್ಲಿ ಲಿಮಿಟೆಡ್ ಸಿಗಾರ್: ನಾನು ಪರೀಕ್ಷಿಸುವ ಬಗೆ

ಕೊಡಗಿನಲ್ಲಿ ಸಿಗಾರ್ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ತಂಬಾಕಿನದ್ದಲ್ಲ, ನೀರಿನದ್ದು. ಎಷ್ಟು ಎಳೆದರೂ ಹೊಗೆ ಬರುವುದಿಲ್ಲ, ಅರ್ಧಕ್ಕೆ ಆರಿಹೋಗುತ್ತದೆ, ಒಂದೇ ಪಕ್ಕ ಉರಿಯುತ್ತದೆ, ಕೊನೆಗೆ ಬಾಯೆಲ್ಲ ಕಹಿ. ದುಬಾರಿ ಲಿಮಿಟೆಡ್ ಎಡಿಷನ್ ತಂದವರೂ ಇದನ್ನೇ ಹೇಳಿ, ಹೆಸರು ಮಾತ್ರ ದೊಡ್ಡದು ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮಳೆಗಾಲದಲ್ಲಿ ಮಡಿಕೇರಿಯ ಗಾಳಿಯ ತೇವಾಂಶ ಶೇ 90 ದಾಟಿ ದಿನಗಟ್ಟಲೆ ಅಲ್ಲೇ ನಿಲ್ಲುತ್ತದೆ. ಸಿಗಾರ್‌ಗೆ ಬೇಕಾದ್ದು 62ರಿಂದ 69. ಈ ಅಂತರವನ್ನು ಸರಿಪಡಿಸಿಕೊಳ್ಳದೆ ಯಾವ ಸಿಗಾರ್‌ಗೂ ಅಂಕ ಕೊಡುವಂತಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ನನ್ನ ಕೆಲಸದ ಮುಕ್ಕಾಲು ಭಾಗ ಬೆಂಕಿ ಹಚ್ಚುವ ಮೊದಲೇ ಮುಗಿದಿರುತ್ತದೆ.

ಇಲ್ಲಿ ಮಾದರಿಗೆ ತೆಗೆದುಕೊಂಡಿರುವುದು ಕ್ಯೂಬಾದ ಪಾರ್ತಾಗಾಸ್ ಮಾರ್ಕಿನ ಸೆರಿಯೆ ನಂ. 1, 2017ರ ಎಡಿಸಿಯೋನ್ ಲಿಮಿತಾದಾ, ಅಂದರೆ ಲಿಮಿಟೆಡ್ ಎಡಿಷನ್. ಉದ್ದ 138 ಮಿ.ಮೀ., ರಿಂಗ್ ಗೇಜ್ 52. ಗೇಜ್ ಲೆಕ್ಕ ಇಂಚಿನ 64ನೇ ಒಂದು ಭಾಗದಲ್ಲಿ ನಡೆಯುವುದರಿಂದ ಅಡ್ಡಳತೆ ಸುಮಾರು 20.6 ಮಿ.ಮೀ. ಆಗುತ್ತದೆ. ಕ್ಯೂಬಾದ ಹಬಾನೋಸ್ ಕಂಪನಿ 2000ದಲ್ಲಿ ಶುರು ಮಾಡಿದ ಈ ಸರಣಿಯ ಸಿಗಾರ್‌ಗಳಿಗೆ ಮಾಮೂಲಿ ಬ್ಯಾಂಡಿನ (ಸಿಗಾರ್‌ಗೆ ಸುತ್ತಿದ ಕಾಗದದ ಪಟ್ಟಿ) ಕೆಳಗೆ ಕಪ್ಪು-ಚಿನ್ನದ ಬಣ್ಣದ ಇನ್ನೊಂದು ಬ್ಯಾಂಡ್ ಇರುತ್ತದೆ, ಅದರ ಮೇಲೆ ವರ್ಷ ನಮೂದಾಗಿರುತ್ತದೆ. ಒಳಗಿನ ಎಲೆ, ಕಟ್ಟುವ ಎಲೆ, ಹೊರ ಎಲೆ ಮೂರನ್ನೂ ಕನಿಷ್ಠ 2 ವರ್ಷ ಮಾಗಿಸಿ ಬಳಸುತ್ತಾರೆ. ಹೊರ ಎಲೆಯನ್ನು ಗಿಡದ ಮೇಲ್ಭಾಗದಿಂದ ಆರಿಸುವುದರಿಂದ ಅದು ದಪ್ಪ, ಎಣ್ಣೆಯಂಶ ಹೆಚ್ಚು, ಬಣ್ಣ ಕಡು ಕಂದು. ದಪ್ಪ ಎಲೆ ನಿಧಾನಕ್ಕೆ ಉರಿಯುತ್ತದೆ, ಹೀರಿದ ನೀರನ್ನು ನಿಧಾನಕ್ಕೆ ಬಿಡುತ್ತದೆ. ಮಾಮೂಲಿ ಸಿಗಾರ್ 69ರಲ್ಲಿ ಹೇಗೋ ಸುಧಾರಿಸಿಕೊಂಡು ಉರಿದರೂ ಇದು ಅಲ್ಲಿ ಮೊಂಡು ಹಿಡಿಯುತ್ತದೆ.

ಹೋಲಿಕೆಗೆ ಅದೇ ಮಾರ್ಕಿನ ಸೆರಿಯೆ ಡಿ ನಂ. 4 ಬೇಕೇ ಬೇಕು. ಅದು 124 ಮಿ.ಮೀ. ಉದ್ದ, 50 ಗೇಜ್, ವರ್ಷವಿಡೀ ತಯಾರಾಗುವ ಸರಕು. ಲಿಮಿಟೆಡ್ ಎಂಬ ಹಣೆಪಟ್ಟಿ ಹೆಚ್ಚಿಗೆ ಏನು ಕೊಟ್ಟಿತು ಎಂಬುದು ಇವೆರಡನ್ನೂ ಒಂದೇ ಹದದಲ್ಲಿ, ಬೇರೆ ಬೇರೆ ದಿನ, ಅದೇ ಹೊತ್ತಿಗೆ ಸೇದಿ ನೋಡಿದಾಗ ಮಾತ್ರ ತಿಳಿಯುತ್ತದೆ.

ವಿದೇಶದಿಂದ ತರಿಸುವವರಿಗೆ ಎರಡು ಮಾತು. ಕಸ್ಟಮ್ಸ್ ನಿಯಮದಲ್ಲಿ ಪ್ರಯಾಣಿಕರು ತಮ್ಮ ಸಾಮಾನಿನಲ್ಲಿ ಸುಂಕವಿಲ್ಲದೆ ತರಬಹುದಾದದ್ದು ತಲೆಗೆ 25 ಸಿಗಾರ್. ಕ್ಯೂಬಾದ್ದಾದರೆ ಪೆಟ್ಟಿಗೆಯ ಖಾತರಿ ಚೀಟಿಯಲ್ಲಿರುವ ಬಾರ್‌ಕೋಡ್ ಸಂಖ್ಯೆಯನ್ನು ಹಬಾನೋಸ್ ಜಾಲತಾಣದಲ್ಲಿ ಹಾಕಿ ನೋಡಿ, ಪೆಟ್ಟಿಗೆಯ ತಳದಲ್ಲಿ ಕಾರ್ಖಾನೆಯ ಸಂಕೇತ ಮತ್ತು ತಿಂಗಳು-ವರ್ಷದ ಮುದ್ರೆ ಇದೆಯೇ ನೋಡಿ. ಲಿಮಿಟೆಡ್ ಬ್ಯಾಂಡಿನ ನಕಲಿ ಮಾಲು ಧಾರಾಳವಾಗಿ ಓಡಾಡುತ್ತದೆ.

ಈಗ ಶೇಖರಣೆ. ಚಂದದ ಮರದ ಹ್ಯುಮಿಡಾರ್ (ಸಿಗಾರ್ ಇಡುವ ಪೆಟ್ಟಿಗೆ) ಕೊಡಗಿನ ಮಳೆಗಾಲಕ್ಕೆ ಆಗಿಬರುವುದಿಲ್ಲ. ಒಳಗಿನ ಸೀಡರ್ ಮರ ಹೊರಗಿನ ತೇವವನ್ನೇ ಹೀರಿ ಒಳಗೆ ಬಿಡುತ್ತದೆ. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಳಗಿನ ಹೈಗ್ರೋಮೀಟರಿನ, ಅಂದರೆ ತೇವಮಾಪಕದ, ಮುಳ್ಳು 75 ದಾಟಿ ಬೂಷ್ಟು ಬರುತ್ತದೆ. ನಾನು ಬಳಸುವುದು ನಾಲ್ಕೂ ಕಡೆ ಕ್ಲಿಪ್, ಮುಚ್ಚಳದಲ್ಲಿ ರಬ್ಬರ್ ವಾಷರ್ ಇರುವ ಸಾದಾ ಪ್ಲಾಸ್ಟಿಕ್ ಡಬ್ಬಿ. ಹೊಸ ಡಬ್ಬಿಯನ್ನು ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ತೆರೆದಿಟ್ಟು, ಒಳಗೆ ಸೀಡರ್ ಹಾಳೆ ಹಾಸುತ್ತೇನೆ. 25 ಸಿಗಾರ್‌ಗೆ 60 ಗ್ರಾಮಿನ ಒಂದು ಬೊವೆಡಾ ಪೊಟ್ಟಣ ಲೆಕ್ಕ, ಅದರಲ್ಲೂ ತೇವವನ್ನು ಶೇ 65ರಲ್ಲಿ ನಿಲ್ಲಿಸುವಂಥದ್ದು. ಈ ಪೊಟ್ಟಣ ತೇವ ಕೊಡುತ್ತದೆ, ಹೆಚ್ಚಾದರೆ ಹೀರಿಕೊಳ್ಳುತ್ತದೆ. ಸಿಲಿಕಾ ಜೆಲ್ ಹಾಗಲ್ಲ, ಅದಕ್ಕೆ ಹೀರುವುದು ಮಾತ್ರ ಗೊತ್ತು. ಡಬ್ಬಿಯೊಳಗೆ ನೇರವಾಗಿ ಇಟ್ಟರೆ ಹೊರ ಎಲೆ ಬಿರಿಯುತ್ತದೆ. ಮಳೆಗಾಲದಲ್ಲಿ ಡಬ್ಬಿ ತೆರೆದಾಗಲೆಲ್ಲ ಹೊರಗಿನ ತೇವ ಒಳಗೆ ನುಗ್ಗಿ ಬೊವೆಡಾ ಉಬ್ಬುತ್ತಾ ಹೋಗುತ್ತದೆ. ಅದನ್ನು ಆಗಾಗ ತೂಗಿ ನೋಡಿ. ಹೊಸದಾಗಿದ್ದಾಗಿನ ತೂಕ ದಾಟಿದ್ದರೆ ತೆಗೆದು, ಬೇರೊಂದು ಬಿಗಿ ಬಾಟಲಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ತೂಕ ಇಳಿದ ಮೇಲೆ ವಾಪಸ್ ಹಾಕಬಹುದು.

ಹೈಗ್ರೋಮೀಟರ್ ತೋರಿಸಿದ್ದನ್ನು ಹಾಗೇ ನಂಬಬೇಡಿ. ಬಾಟಲಿ ಮುಚ್ಚಳದಷ್ಟು ಅಡುಗೆ ಉಪ್ಪಿಗೆ ನಾಲ್ಕಾರು ಹನಿ ನೀರು ಹಾಕಿ. ಉಪ್ಪು ಒದ್ದೆಯಾಗಬೇಕು, ಕರಗಬಾರದು. ಅದನ್ನೂ ಮೀಟರನ್ನೂ ಒಂದೇ ಜಿಪ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಬಿಟ್ಟರೆ 75 ತೋರಿಸಬೇಕು. 79 ತೋರಿಸಿದರೆ ಆ ಮೀಟರ್ ಹೇಳಿದ್ದರಲ್ಲಿ 4 ಕಳೆದು ಓದಿಕೊಳ್ಳಿ.

ಡಬ್ಬಿ ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ತೋಟದ ಮನೆಗಳಲ್ಲಿ ಕಾಳುಮೆಣಸು, ಏಲಕ್ಕಿ, ಪಾರ್ಚ್‌ಮೆಂಟ್ ಕಾಫಿ ಮೂಟೆಗಳಿರುವ ಕೋಣೆಯೇ ತಣ್ಣಗಿರುತ್ತದೆ ಎಂದು ಅಲ್ಲಿಡಬಾರದು, ಡಬ್ಬಿ ತೆರೆಯುವಷ್ಟರಲ್ಲೇ ತಂಬಾಕು ಅವುಗಳ ವಾಸನೆ ಹಿಡಿದುಕೊಳ್ಳುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ. ಮಲಗುವ ಕೋಣೆಯ ಮರದ ಬೀರುವಿನ ಕೆಳಗಿನ ಖಾನೆ ಒಳ್ಳೆಯ ಜಾಗ. ಮಡಿಕೇರಿಯ ತಂಪಿನಲ್ಲಿ ತಂಬಾಕು ಹುಳದ ಕಾಟ ಕಡಿಮೆ, ಆದರೆ ಏಪ್ರಿಲ್-ಮೇ ಹೊತ್ತಿಗೆ ಗೋಣಿಕೊಪ್ಪ, ಸಿದ್ದಾಪುರ, ಕುಶಾಲನಗರದ ಕಡೆ ಸೆಕೆ ಏರಿದಾಗ ಎಲೆಯೊಳಗಿನ ಮೊಟ್ಟೆ ಒಡೆಯುತ್ತದೆ. ಸೂಜಿ ಚುಚ್ಚಿದಂಥ ದುಂಡು ತೂತು ಕಂಡರೆ ಹುಳ ಹೊರಬಂದಿದೆ ಎಂದೇ ಅರ್ಥ. ಬಂದ ಸಿಗಾರ್‌ಗಳನ್ನೆಲ್ಲ ಮೊದಲೇ ಎರಡು ಜಿಪ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ 3 ದಿನ, ಆಮೇಲೆ ಫ್ರಿಜ್ಜಿನ ಕೆಳಗಡೆ 1 ದಿನ, ನಂತರ ಚೀಲ ಬಿಚ್ಚದೆ ಕೋಣೆಯಲ್ಲಿ ಅರ್ಧ ದಿನ ಇಡುತ್ತೇನೆ. ಚೀಲದ ಹೊರಗೆ ಕೂತ ನೀರ ಹನಿ ಪೂರ್ತಿ ಆರುವ ಮೊದಲು ಬಿಚ್ಚಿದರೆ ಅದೇ ನೀರು ಎಲೆಗೆ ಕೂರುತ್ತದೆ. ಕರೆಂಟ್ ಎರಡೆರಡು ದಿನ ಹೋಗುವ ಜುಲೈಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ನಡುವೆ ಕರಗಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಪ್ರಯಾಣ ಮಾಡಿ ಬಂದ ಸಿಗಾರ್‌ಗೆ ಆರು ವಾರವಾದರೂ ವಿಶ್ರಾಂತಿ ಕೊಡಿ. ಬುಡ (ಬೆಂಕಿ ಹಚ್ಚುವ ತುದಿ) ಮೂಸಿದಾಗ ಮೂಗಿಗೆ ಅಮೋನಿಯಾ ಚುಚ್ಚಿದರೆ ಇನ್ನೂ ಆರು ತಿಂಗಳು ಮುಟ್ಟಬೇಡಿ.

ಸೇದುವ ಹದ ನೋಡುವುದಕ್ಕೆ ಚಿನ್ನ ತೂಗುವಂಥ 0.01 ಗ್ರಾಂ ನಿಖರತೆಯ ಪುಟ್ಟ ತಕ್ಕಡಿ ಸಾಕು. ಈ ಗಾತ್ರದ ಸಿಗಾರ್ ತೂಗುವುದು ಹೆಚ್ಚುಕಡಿಮೆ 14 ಗ್ರಾಂ. ಪರೀಕ್ಷೆಗೆ ಮುಂಚೆ ಅದನ್ನು 62ರ ಪೊಟ್ಟಣವಿರುವ ಸಣ್ಣ ಡಬ್ಬಿಗೆ ಬದಲಾಯಿಸಿ, ದಿನಕ್ಕೊಮ್ಮೆ ತೂಗುತ್ತೇನೆ. ಮೊದಲು ತೂಕ ಬೇಗ ಇಳಿಯುತ್ತದೆ, ಆಮೇಲೆ ನಿಧಾನ. ಮೂರು ದಿನ ಎರಡನೇ ದಶಮಾಂಶವೂ ಕದಲದೆ ನಿಂತರೆ ನಡುವಿನ ಎಲೆಯವರೆಗೂ ಹದ ಬಂದಿದೆ ಎಂದು ಲೆಕ್ಕ. 72ರ ತೇವದಲ್ಲಿದ್ದ ಸಿಗಾರ್ ಹೀಗೆ 0.3 ಗ್ರಾಂ ಹತ್ತಿರ ಕಳೆದುಕೊಳ್ಳುತ್ತದೆ. ಇದೇ 0.3 ಗ್ರಾಂ ನೀರು ಒಳಗುಳಿದರೆ ಉರಿ ಕೆಡುತ್ತದೆ. ಒಳ ಎಲೆಗಳಲ್ಲಿ ಲಿಹೇರೊ ಎಂಬ ಗಿಡದ ಮೇಲ್ಭಾಗದ ಖಾರದ ಎಲೆಯನ್ನು ನಡುವೆ ಇಟ್ಟು ಸುತ್ತಿರುತ್ತಾರೆ. ಅದು ಮೊದಲೇ ನಿಧಾನಕ್ಕೆ ಉರಿಯುವಂಥದ್ದು. ಒದ್ದೆಯಿದ್ದರೆ ಬೆಂಕಿ ಅದನ್ನು ಬಿಟ್ಟು ಸುತ್ತಲಿನದ್ದನ್ನು ಮಾತ್ರ ಸುಡುತ್ತದೆ, ಆಮೇಲೆ ಆರುತ್ತದೆ.

ಪರೀಕ್ಷೆಯ ದಿನ ಊಟದ ಮೇಲೆ ಕಣ್ಣಿರಲಿ. ಪಂದಿಕರಿ ಉಂಡು ಕೂತರೆ ಕಾಚಂಪುಳಿಯ ಹುಳಿ ನಾಲಗೆಯನ್ನು ಎರಡು ಗಂಟೆ ಬಿಡುವುದಿಲ್ಲ. ಅಕ್ಕಿ ರೊಟ್ಟಿ, ಸಪ್ಪೆ ಪಲ್ಯ ಒಳ್ಳೆಯದು. ಖಾಲಿ ಹೊಟ್ಟೆಯಂತೂ ಬೇಡವೇ ಬೇಡ. ಸಿಗಾರ್ ಹೊಗೆ ಸಿಗರೇಟಿನದ್ದಕ್ಕಿಂತ ಕ್ಷಾರೀಯ, ಎದೆಗೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಇಳಿಯುತ್ತದೆ. ಬೆವರಿ, ತಲೆ ಸುತ್ತಿ, ವಾಕರಿಕೆ ಬಂದರೆ ಸಿಗಾರ್ ಕೆಳಗಿಟ್ಟು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿಯಿರಿ, ಅವತ್ತಿಗೆ ಅಷ್ಟೇ. ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಒಳಗೆ ಎಳೆಯದವರಿಗೂ ಇದ್ದೇ ಇದೆ. ಅಪರೂಪಕ್ಕೆ ಸೇದುವುದು ಬೇರೆ, ನಿತ್ಯದ ಚಟ ಬೇರೆ ಎಂಬುದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಮನೆಯ ಮಕ್ಕಳು, ಹಿರಿಯರು ಸುತ್ತ ಇಲ್ಲದ ಹೊತ್ತು ನೋಡಿಕೊಳ್ಳಿ. ಕರ್ನಾಟಕದಲ್ಲಿ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ ಎಂಬುದೂ ನೆನಪಿರಲಿ.

ಜಾಗ ಜಗಲಿಯೇ ಆದರೂ ಬೆನ್ನಿಗೆ ಗೋಡೆ ಇರಬೇಕು, ಫ್ಯಾನ್ ಆಫ್ ಆಗಿರಬೇಕು. ಬೆಟ್ಟದ ಗಾಳಿ ಒಂದು ಪಕ್ಕಕ್ಕೆ ಹೊಡೆದರೆ ಆ ಪಕ್ಕ ಬೇಗ ಉರಿದು ಇನ್ನೊಂದು ಪಕ್ಕ ಹಿಂದೆ ಬೀಳುತ್ತದೆ, ಅದನ್ನು ಕಟ್ಟಿದವನ ತಪ್ಪು ಎಂದು ಬರೆದುಕೊಳ್ಳುವುದು ಅನ್ಯಾಯ. ಬ್ಯಾಂಡುಗಳ ಮೇಲೆ ಕಾಗದದ ಟೇಪ್ ಸುತ್ತಿಸಿ, ಎರಡರಲ್ಲಿ ಯಾವುದು ಎಂದು ಬೇರೆಯವರಿಂದ ಆರಿಸಿಕೊಳ್ಳಿ. ಗಾತ್ರದಿಂದ ಗುರುತು ಸಿಗುವುದು ನಿಜ, ಆದರೂ ಚಿನ್ನದ ಬ್ಯಾಂಡ್ ಕಣ್ಣೆದುರು ಇಲ್ಲದಿದ್ದರೆ ನಾಲಗೆ ಹೆಚ್ಚು ಪ್ರಾಮಾಣಿಕವಾಗಿರುತ್ತದೆ.

ಹಚ್ಚುವ ಮೊದಲು ಹೆಬ್ಬೆರಳು-ತೋರುಬೆರಳ ನಡುವೆ ತಲೆಯಿಂದ (ಬಾಯಿಗಿಡುವ ತುದಿ) ಬುಡದವರೆಗೆ ಮೆಲ್ಲಗೆ ಒತ್ತುತ್ತಾ ಬನ್ನಿ. ಹದವಾದ ಸಿಗಾರ್ ಸ್ವಲ್ಪ ತಗ್ಗಿ ಮತ್ತೆ ಮೇಲೇಳುತ್ತದೆ. ಉದ್ದಕ್ಕೂ ಉಬ್ಬಿ, ಮೆತ್ತಗೆ ಸ್ಪಂಜಿನಂತಿದ್ದರೆ ತೇವ, ಡಬ್ಬಿಗೆ ವಾಪಸ್. ಒಂದೇ ಕಡೆ ಗಂಟು ಸಿಕ್ಕಿದರೆ ಅಲ್ಲಿ ಎಲೆ ತಿರುಚಿಕೊಂಡಿದೆ, ಅದನ್ನು ಒಣಗಿಸಿ ಪ್ರಯೋಜನವಿಲ್ಲ, ತೆಳು ಉಕ್ಕಿನ ಕಡ್ಡಿಯಿಂದ ದಾರಿ ಮಾಡಬೇಕು. ಹೊರ ಎಲೆಯ ಮೇಲೆ ಬಿಳಿ ನವಿರು ಕಂಡರೆ ಬೂಷ್ಟು. ಮೇಲ್ಮೈಯಲ್ಲಿ ಮಾತ್ರವಿದ್ದರೆ ಒಣ ಬಟ್ಟೆಯಿಂದ ಒರೆಸಿ ಬೇರೆ ಡಬ್ಬಿಯಲ್ಲಿಡಬಹುದು, ಬುಡದ ಬಾಯಿಯಲ್ಲೂ ಇದ್ದರೆ ಎಸೆಯಬೇಕು.

ತಲೆಯ ಟೋಪಿ ಎಲೆ ಮುಗಿಯುವ ಗೆರೆಗಿಂತ ಮೇಲೆ, ತುದಿಯಿಂದ 2 ಮಿ.ಮೀ.ಗಿಂತ ಹೆಚ್ಚು ಕತ್ತರಿಸಬೇಡಿ. ಗೆರೆ ದಾಟಿದರೆ ಹೊರ ಎಲೆ ಬಿಚ್ಚಿಕೊಳ್ಳುತ್ತದೆ. ಹಚ್ಚದೆ ಎಳೆದು ನೋಡಿದಾಗ ತುಸು ತಡೆ ಇರಬೇಕು. ಮಳೆಗಾಲದಲ್ಲಿ ಬೆಂಕಿಕಡ್ಡಿ ತೇವ ಹಿಡಿಯುತ್ತದೆ, ಲೈಟರಿನ ಕಿಡಿಯೂ ತೇವಕ್ಕೆ ಕೈಕೊಡುತ್ತದೆ, ಎರಡನ್ನೂ ಬೇರೊಂದು ಬಿಗಿ ಡಬ್ಬಿಯಲ್ಲಿ ಇಟ್ಟಿರಿ. ಜ್ವಾಲೆ ಬುಡಕ್ಕೆ ತಾಗದಂತೆ ಒಂದಂಗುಲ ದೂರದಲ್ಲಿ ಹಿಡಿದು, ಸಿಗಾರ್ ತಿರುಗಿಸುತ್ತಾ ಅಂಚೆಲ್ಲ ಬೂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿ. ಆಮೇಲೆ ಬಾಯಿಗಿಟ್ಟು ಮೊದಲ ದಮ್ಮು. ಕೆಂಡವನ್ನು ಮೆಲ್ಲಗೆ ಊದಿ ನೋಡಿ, ಕಪ್ಪಾಗಿ ಉಳಿದ ಜಾಗಕ್ಕೆ ಮತ್ತೆ ಜ್ವಾಲೆ ತೋರಿಸಿ.

ನಿಮಿಷಕ್ಕೊಂದು ದಮ್ಮು, ಅದಕ್ಕಿಂತ ಬೇಗ ಬೇಡ. ಹಾಗೆ ಸೇದಿದರೆ ಸೆರಿಯೆ ನಂ. 1 ಒಂದೂಕಾಲು ಗಂಟೆ ಬರುತ್ತದೆ. ಹೊಗೆಯನ್ನು ಬಾಯಲ್ಲೇ ಇಟ್ಟು, ಮೂರ್ನಾಲ್ಕು ದಮ್ಮಿಗೊಮ್ಮೆ ಸ್ವಲ್ಪವನ್ನು ಮೂಗಿನಿಂದ ಹೊರಬಿಡಿ. ನಾಲಗೆಗೆ ಸಿಗುವುದು ಸಿಹಿ, ಕಹಿ, ಉಪ್ಪು, ಹುಳಿ, ಉಮಾಮಿ (ಮಾಂಸದ ಸಾರಿನಂಥ ರುಚಿ) ಇಷ್ಟೇ. ಸೀಡರ್, ಕೋಕೋ, ತೊಗಲು ಎಂದೆಲ್ಲ ನಾವು ಬರೆದುಕೊಳ್ಳುವುದು ಮೂಗಿನ ಕೆಲಸ. ಬೂದಿ ಎರಡೂವರೆ ಸೆಂ.ಮೀ. ಆಗುವವರೆಗೆ ಕೊಡವಬೇಡಿ, ಅದು ಕೆಂಡವನ್ನು ತಣ್ಣಗಿಡುತ್ತದೆ. ಬೂದಿಗೂ ಎಲೆಗೂ ನಡುವಿನ ಕಪ್ಪು ಗೆರೆಯನ್ನು ಹತ್ತಿರದಿಂದ ನೋಡಿ. ಒಂದು ಮಿ.ಮೀ. ದಪ್ಪ, ಸುತ್ತಲೂ ಸಮ, ಅದರ ಮುಂದೆ ಎಣ್ಣೆ ಸಣ್ಣಗೆ ಮಿನುಗುತ್ತಿದ್ದರೆ ಹದ ಸರಿಯಾಗಿದೆ. ಗೆರೆ ಮೂರು ಮಿ.ಮೀ. ಅಗಲವಾಗಿ, ಅದರಾಚೆ ಎಲೆ ಉಬ್ಬಿ ಗುಳ್ಳೆ ಏಳುತ್ತಿದ್ದರೆ ಒಳಗೆ ನೀರಿದೆ. ಅಂಥ ಸಿಗಾರ್ ಇನ್ನು ಸ್ವಲ್ಪದರಲ್ಲೇ ಸೀಳುತ್ತದೆ, ಅದಕ್ಕೆ ಅಂಕ ಕೊಡದೆ ಪಕ್ಕಕ್ಕಿಡುವುದೇ ನ್ಯಾಯ.

ಅಂಕ ಕೊಡುವಾಗ ನೂರರಲ್ಲಿ ರುಚಿಗೆ 40, ಮೂರು ಭಾಗಗಳಲ್ಲಿ ರುಚಿ ಬದಲಾಗುವ ಬಗೆಗೆ 20, ಎಳೆತಕ್ಕೆ 15, ಉರಿಗೆ 15, ಬಾಯಲ್ಲಿ ಉಳಿಯುವುದಕ್ಕೆ 10 ಎಂದು ಹಂಚಿಕೊಂಡಿದ್ದೇನೆ. ನೋಟಕ್ಕೆ ಅಂಕವಿಲ್ಲ, ಪೆಟ್ಟಿಗೆಗೂ ಇಲ್ಲ. ಅಂಕ ಬರೆಯುವವರೆಗೆ ಕುಡಿಯುವುದು ಬರೀ ನೀರು. ಚಿಕೋರಿ ಹಾಕಿದ ಹಾಲಿನ ಕಾಫಿ ನಾಲಗೆಗೆ ಪದರ ಕಟ್ಟಿ ಮಧ್ಯದ ರುಚಿಯನ್ನೆಲ್ಲ ನುಂಗುತ್ತದೆ. ಕಾಫಿ ಜೊತೆ ಬೇಕೇ ಬೇಕೆಂದರೆ ಸಕ್ಕರೆಯಿಲ್ಲದ ಅರೇಬಿಕಾ ಡಿಕಾಕ್ಷನ್ನು ಕೊನೆಯ ಭಾಗಕ್ಕೆ ಇಟ್ಟುಕೊಳ್ಳಿ, ಅದು ತುಂಬಾ ಚೆನ್ನಾಗಿ ಹೊಂದುತ್ತದೆ.

ನನ್ನ ನಾಲಗೆಗೆ ಸಿಕ್ಕಿದ್ದು ಹೀಗೆ. ಮೊದಲ ಭಾಗದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಒಣ ಕಾಳುಮೆಣಸಿನ ಖಾರ, ಮಣ್ಣಿನ ವಾಸನೆ, ಡಿ ನಂ. 4ರಲ್ಲಿ ಖಾರ ತುಸು ಚುರುಕು. ಬೇರೆಯಾಗುವುದು ಎರಡನೇ ಭಾಗದಲ್ಲಿ. ಲಿಮಿಟೆಡ್‌ನ ಕಡು ಎಲೆ ಕೋಕೋ, ಹುರಿದ ಬೀಜದಂಥ ಸಿಹಿಯನ್ನು ತರುತ್ತದೆ, ಖಾರ ಹಿಂದೆ ಸರಿಯುತ್ತದೆ. ಕೊನೆಯ ಭಾಗದಲ್ಲಿ ಆ ಸಿಹಿ ಕಡು ಕಾಫಿಯ ಕಹಿಗೆ ತಿರುಗಿ ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಆದರೆ ಇದೆಲ್ಲ 62ರ ಹದದಲ್ಲಿ. 69ರಲ್ಲಿ ಸೇದಿದರೆ ಎರಡನೇ ಭಾಗದ ಸಿಹಿ ಕಾಣುವುದೇ ಇಲ್ಲ, ಕೊನೆಗೆ ಡಾಂಬರಿನ ಕಹಿ, ಡಿ ನಂ. 4 ಸಲೀಸಾಗಿ ಗೆಲ್ಲುತ್ತದೆ. ಒಂದೇ ಸಿಗಾರ್ ಸೇದಿ ಬರೆಯುವುದೂ ಸಾಲದು. ಕೈಯಿಂದ ಸುತ್ತಿದ ಸರಕಿನಲ್ಲಿ ಒಂದಕ್ಕೊಂದು ಎಳೆತ ಬೇರೆಯಾಗುವುದು ಸಹಜ. ಒಂದೇ ಪೆಟ್ಟಿಗೆಯ ಮೂರನ್ನಾದರೂ ನೋಡಬೇಕು, ಅವುಗಳಲ್ಲಿ ಒಂದು ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲಿನ ಒಣ ಚಳಿಯಲ್ಲಿ ಆಗಿರಬೇಕು.

ಬ್ಯಾಂಡಿನ ಮೇಲಿನ ಅಂಚಿಗೆ ಬೆಂಕಿ ಬರುವ ಹೊತ್ತಿಗೆ ಬೆರಳಿಗೆ ಶಾಖ ತಟ್ಟುತ್ತದೆ, ಹೊಗೆ ಬಿಸಿಯಾಗಿ ರುಚಿ ಕೆಡುತ್ತದೆ, ಅಲ್ಲಿಗೆ ನಿಲ್ಲಿಸಿ. ಹೊಸಕಬೇಡಿ, ಹೊಸಕಿದರೆ ಕೋಣೆಯೆಲ್ಲ ಹಳಸಲು ವಾಸನೆ. ತಟ್ಟೆಯಲ್ಲಿ ಮಲಗಿಸಿದರೆ ತಾನೇ ಆರುತ್ತದೆ, ಆಮೇಲೆ ನೀರಿಗೆ ಹಾಕಿ. ಜನವರಿಯಿಂದ ಹೂಮಳೆ ಬೀಳುವವರೆಗೆ ಕಾಫಿ ತೋಟದಲ್ಲಿ ತರಗೆಲೆ ಗರಿಗರಿ ಒಣಗಿ ಬಿದ್ದಿರುತ್ತದೆ, ಆರಿದಂತೆ ಕಾಣುವ ತುಂಡಿನ ಒಳಗೆ ಕೆಂಡ ಅರ್ಧ ಗಂಟೆ ಇರಬಲ್ಲದು. ಜಗಲಿಯಿಂದ ಅಂಗಳದಾಚೆಗೆ ಎಸೆಯುವ ಅಭ್ಯಾಸ ಇದ್ದವರು ಆ ತಿಂಗಳುಗಳಲ್ಲಿ ನೀರಿನ ಡಬ್ಬವನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂರಬೇಕು.