ಅರ್ಥಶಾಸ್ತ್ರದ ಎಂ.ಎ. ಆರಿಸಿಕೊಂಡ ಬಗೆ: ನನ್ನ ಅನುಭವ

ಧಾರವಾಡದಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ ನನಗೆ ಅರ್ಥಶಾಸ್ತ್ರದ ಎಂ.ಎ.ಯನ್ನು ಬೆಂಗಳೂರಿನಲ್ಲೇ ಓದಬೇಕೆಂಬ ಹಟವಿತ್ತೇ ಹೊರತು, ಅಲ್ಲಿನ ಯಾವ ವಿಶ್ವವಿದ್ಯಾಲಯದಲ್ಲಿ, ಏಕೆ ಎಂಬುದಕ್ಕೆ ಉತ್ತರವಿರಲಿಲ್ಲ. ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ನಾಲ್ಕು ಕಡೆಯ ಪಠ್ಯಕ್ರಮಗಳನ್ನು ಹರಡಿಕೊಂಡು ಕುಳಿತರೆ ಎಲ್ಲದರಲ್ಲೂ ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಸಾರ್ವಜನಿಕ ಹಣಕಾಸು ಎಂಬ ಅವವೇ ತಲೆಬರಹಗಳು. ಅದನ್ನು ಕಂಡ ನಮ್ಮ ಗುರುಗಳು, "ಇದನ್ನೇನ್ ನೋಡ್ತೀಪಾ, ಹಳೇ ಪ್ರಶ್ನೆಪತ್ರಿಕಿ ತಗೊಂಡ್ ಬಾ" ಎಂದರು.

ಭೇದ ಕಂಡದ್ದು ಅಲ್ಲಿ. ಗ್ರಾಹಕನ ಸಮತೋಲನವನ್ನು ಔದಾಸೀನ್ಯ ವಕ್ರರೇಖೆಗಳ (ಒಂದೇ ಮಟ್ಟದ ತೃಪ್ತಿ ಕೊಡುವ ಸರಕು ಜೋಡಿಗಳನ್ನು ತೋರಿಸುವ ಗೆರೆಗಳ) ಮೂಲಕ ವಿವರಿಸಿ ಎಂದು ಒಂದು ಪತ್ರಿಕೆ ಕೇಳಿದರೆ, ಇನ್ನೊಂದು ತುಷ್ಟಿಗುಣದ (ಸರಕಿನಿಂದ ಸಿಗುವ ತೃಪ್ತಿಯ) ಸಮೀಕರಣ, ಎರಡು ಸರಕುಗಳ ಬೆಲೆ ಹಾಗೂ ಆದಾಯವನ್ನು ಕೊಟ್ಟು ಬೇಡಿಕೆಯ ಸಮೀಕರಣವನ್ನು ಕಂಡುಹಿಡಿಯಲು ಹೇಳುತ್ತಿತ್ತು. ಮೊದಲನೆಯದಕ್ಕೆ ಐದು ಪುಟ ಬರೆಯುವ ಕೈ ಬೇಕು, ಎರಡನೆಯದಕ್ಕೆ ಅವಕಲನ (ಡಿಫರೆನ್ಶಿಯೇಶನ್) ಗೊತ್ತಿದ್ದರೆ ಅರ್ಧ ಪುಟ ಸಾಕು, ನನಗೆ ಗೊತ್ತಿರಲಿಲ್ಲ. ಬಳಿಕ ಪ್ರತಿ ಪತ್ರಿಕೆಯಲ್ಲೂ ಲೆಕ್ಕ ಬಿಡಿಸುವ ಪ್ರಶ್ನೆಗಳಿಗಿರುವ ಅಂಕಗಳನ್ನು ಎಣಿಸಿದೆ, ಅರ್ಥಮಿತಿ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ) ಕಡ್ಡಾಯವೋ ಐಚ್ಛಿಕವೋ ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡೆ.

ಎಂ.ಎ.ಯೋ ಎಂ.ಎಸ್ಸಿ.ಯೋ ಎಂಬ ಚಿಂತೆಯನ್ನು ಬೇಗನೆ ಬಿಟ್ಟೆ. ಯು.ಪಿ.ಎಸ್.ಸಿ. ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರ, ಅನ್ವಯಿಕ ಅರ್ಥಶಾಸ್ತ್ರ, ವ್ಯವಹಾರ ಅರ್ಥಶಾಸ್ತ್ರ ಅಥವಾ ಅರ್ಥಮಿತಿಯಲ್ಲಿ ಸ್ನಾತಕೋತ್ತರ ಪದವಿ ಇರಬೇಕಾದ್ದರಿಂದ, ಪದವಿಪತ್ರದಲ್ಲಿ ವಿಷಯದ ಹೆಸರು ಏನೆಂದು ಬರುತ್ತದೆ ಎಂಬುದೇ ಹೆಚ್ಚು ಮುಖ್ಯ.

ಒಂದು ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬಂದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, 2017ರಲ್ಲಿ ಐದು ವರ್ಷದ ಸಂಯೋಜಿತ ಎಂ.ಎಸ್ಸಿ.ಯೊಂದಿಗೆ ಆರಂಭವಾದ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಇವೆಲ್ಲ ನಾಗರಭಾವಿಯ ಆಸುಪಾಸಿನಲ್ಲೇ ಇರುವುದರಿಂದ ಒಂದೇ ದಿನದಲ್ಲಿ ನೋಡಲಾಯಿತು. ಐಸೆಕ್ ಮುಖ್ಯವಾಗಿ ಸಂಶೋಧನೆಯ ಸಂಸ್ಥೆಯಾದ್ದರಿಂದ ನನ್ನ ಪಟ್ಟಿಯಲ್ಲಿರಲಿಲ್ಲ, ಆದರೂ ಅಂಥ ಗ್ರಂಥಾಲಯ ನೆರೆಯಲ್ಲಿರುವುದನ್ನು ಲೆಕ್ಕಕ್ಕೆ ಹಿಡಿದೆ. ಸರ್ಜಾಪುರ ರಸ್ತೆಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಊರಿನ ಇನ್ನೊಂದು ತುದಿಗಿದ್ದು, ಅಲ್ಲಿಗೆ ಮರುದಿನ ಹೋದೆ. ಕಟ್ಟಡಗಳಿಗಿಂತ ಕ್ಯಾಂಟೀನಿನಲ್ಲಿ ಎರಡನೇ ವರ್ಷದ ವಿದ್ಯಾರ್ಥಿಗಳೊಂದಿಗೆ ಕುಡಿದ ಚಹಾವೇ ಹೆಚ್ಚು ಉಪಯೋಗಕ್ಕೆ ಬಂತು. ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ, ಅರ್ಥಮಿತಿಯನ್ನು ಕಂಪ್ಯೂಟರಿನಲ್ಲಿ ಮಾಡಿಸುತ್ತಾರೆಯೇ ಅಥವಾ ಹಲಗೆಯ ಮೇಲಷ್ಟೇ ಮುಗಿಸುತ್ತಾರೆಯೇ ಎಂಬುದನ್ನು ಯಾವ ಕೈಪಿಡಿಯೂ ಹೇಳಿರಲಿಲ್ಲ.

ಕೊನೆಗೆ ಜ್ಞಾನಭಾರತಿಯನ್ನೇ ಆರಿಸಿಕೊಂಡೆ. ಸೇರುವ ಮುನ್ನ ಎರಡು ತಿಂಗಳು ಅದೇ ಸಪ್ತಾಪುರದ ಕೋಣೆಯಲ್ಲಿ, ಪಿಯು ಹುಡುಗನೊಬ್ಬನ ಗಣಿತದ ಪುಸ್ತಕವನ್ನು ಎರವಲು ಪಡೆದು, ಅವಕಲನ ಮತ್ತು ಮಾತೃಕೆಗಳ ಅಧ್ಯಾಯಗಳನ್ನು ಅವನಿಂದಲೇ ಹೇಳಿಸಿಕೊಂಡೆ.